ಕಂಪನದ ಉದ್ದ, ತಂತಿಯ ದಪ್ಪ: ಸ್ಟೀಲ್ ಗಿಟಾರ್ ಅಧ್ಯಯನದ ಒಂದು ಕೊರತೆ

ಹವಾಯಿಯನ್ ಸ್ಟೀಲ್ ಗಿಟಾರನ್ನು ಕುರಿತ ಬರವಣಿಗೆಯಲ್ಲಿ ದೊಡ್ಡ ಪಾಲು ಮೂಲದ ಪ್ರಶ್ನೆಗೆ ಮೀಸಲಾಗಿದೆ. ಓಆಹು ದ್ವೀಪದ ಜೋಸೆಫ್ ಕೆಕುಕು (1874–1932) ಇದರ ಆದ್ಯನೆ, ಭಾರತದಲ್ಲಿ ಹುಟ್ಟಿದವನೆಂದು ಹೇಳಲಾಗುವ ಗೇಬ್ರಿಯಲ್ ಡೇವಿಯನ್ ಅವನಿಗಿಂತ ಮುಂಚಿನವನೆ ಎಂಬ ಚರ್ಚೆ ಇನ್ನೂ ನಿಂತಿಲ್ಲ. ಮೂಲಕಥೆಗಳು ಜಾನಪದ ವಿದ್ವಾಂಸರಿಗೆ ಪ್ರಿಯವಾದ ಸಾಮಗ್ರಿಯೇ ಸರಿ. ಆದರೆ ವಾದ್ಯವು ಹಾಗೇಕೆ ನುಡಿಯುತ್ತದೆ ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ. ಆ ಉತ್ತರ ಅಡಗಿರುವುದು ಎರಡು ಅಳತೆಗಳಲ್ಲಿ: ತಲೆಯ ಕಡೆಯ ನಟ್‌ನಿಂದ ಕುದುರೆಯವರೆಗಿನ ಕಂಪನದ ಉದ್ದ ಮತ್ತು ತಂತಿಯ ದಪ್ಪ. ಪೆಡಲ್ ಇಲ್ಲದ ಸ್ಟೀಲ್ ಗಿಟಾರಿನಲ್ಲಿ ಇವುಗಳ ಮಹತ್ವ ಇನ್ನೂ ಹೆಚ್ಚು. ಪೆಡಲ್ ವಾದ್ಯದಲ್ಲಿ ನುಡಿಸುತ್ತಿರುವಾಗಲೇ ತಂತಿಯ ಶ್ರುತಿಯನ್ನು ಬದಲಿಸಬಹುದು. ಇಲ್ಲಿ ಒಮ್ಮೆ ಕಟ್ಟಿದ ಶ್ರುತಿಗೆ ವಾದಕ ಬದ್ಧ. ಉಳಿದುದೆಲ್ಲ ಕೈಯಲ್ಲಿರುವ ಉಕ್ಕಿನ ಬಾರ್‌ನ ಕೆಲಸ.

ತಂತಿಯ ಕಂಪನದ ನಿಯಮವನ್ನು ಹದಿನೇಳನೆಯ ಶತಮಾನದಲ್ಲಿಯೇ ಮರ್ಸೆನ್ ನಿರೂಪಿಸಿದ್ದನು. ದಪ್ಪವನ್ನೂ ಸ್ವರವನ್ನೂ ಬದಲಿಸದೆ ಉದ್ದವನ್ನು ಹೆಚ್ಚಿಸಿದರೆ ಬಿಗುವು ಉದ್ದದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 22.5 ಅಂಗುಲದಿಂದ 25 ಅಂಗುಲಕ್ಕೆ ಹೋದರೆ ಬಿಗುವು ಶೇ. 23ರಷ್ಟು, 26 ಅಂಗುಲಕ್ಕೆ ಹೋದರೆ ಶೇ. 33ಕ್ಕಿಂತ ಹೆಚ್ಚು. 0.015 ಅಂಗುಲ ದಪ್ಪದ ಉಕ್ಕಿನ ತಂತಿಯನ್ನು ಗಿಟಾರಿನ ಮೇಲಿನ ‘ಇ’ ಸ್ವರಕ್ಕೆ ಬಿಗಿದರೆ 22.5 ಅಂಗುಲದ ವಾದ್ಯದಲ್ಲಿ ಸುಮಾರು 28 ಪೌಂಡ್, 25 ಅಂಗುಲದ ವಾದ್ಯದಲ್ಲಿ ಸುಮಾರು 35 ಪೌಂಡ್ ಎಳೆತ ಬೀಳುತ್ತದೆ. ಹಳೆಯ ಬಿಗುವೇ ಬೇಕೆನ್ನುವವನು ಉದ್ದನೆಯ ವಾದ್ಯಕ್ಕೆ 0.0135 ಅಂಗುಲದ ತಂತಿಯನ್ನು ಹಾಕಬೇಕಾಗುತ್ತದೆ. ಬಿಗುವು ಕಡಿಮೆಯಾದರೆ ಬಾರ್‌ನ ಭಾರಕ್ಕೆ ತಂತಿ ಜಗ್ಗಿ ಸ್ವರ ಏರುತ್ತದೆ, ಕರ್ಕಶ ಸದ್ದೂ ಸೇರಿಕೊಳ್ಳುತ್ತದೆ.

ತಂತಿ ಹರಿಯುವ ವಿಷಯದಲ್ಲಿ ತಪ್ಪು ತಿಳಿವಳಿಕೆಯೊಂದಿದೆ. ತಂತಿ ಹರಿದರೆ ದಪ್ಪನೆಯದನ್ನು ಹಾಕಬೇಕೆಂಬುದು ರೂಢಿಯ ಮಾತು. ಆದರೆ ದಪ್ಪ ಹೆಚ್ಚಿದಂತೆ ತಂತಿಯ ಬಲ ಹೆಚ್ಚುವಷ್ಟೇ ಪ್ರಮಾಣದಲ್ಲಿ ಅದನ್ನು ಅದೇ ಸ್ವರಕ್ಕೆ ತರಲು ಬೇಕಾದ ಎಳೆತವೂ ಹೆಚ್ಚುತ್ತದೆ. ಆದ್ದರಿಂದ ಸುತ್ತಿಲ್ಲದ ಉಕ್ಕಿನ ತಂತಿ ಯಾವ ಸ್ವರದಲ್ಲಿ ಹರಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ದಪ್ಪವಲ್ಲ, ಉದ್ದ. ‘ಸಿ6’ ಎಂಬ ಶ್ರುತಿಕ್ರಮದಲ್ಲಿ ಮೇಲಿನ ತಂತಿಯನ್ನು ‘ಜಿ’ಗೆ ಏರಿಸುವ ರೂಢಿ ಗಿಡ್ಡ ವಾದ್ಯದಲ್ಲಿ ಸುಲಭವಾಗಿಯೂ 26 ಅಂಗುಲದ ವಾದ್ಯದಲ್ಲಿ ಆತಂಕದಿಂದಲೂ ನಡೆಯುವುದು ಈ ಕಾರಣದಿಂದ.

ಹಾಗಾದರೆ ಉದ್ದನೆಯ ವಾದ್ಯ ಏಕೆ ಬೇಕು? ಕೆಳಗಿನ ತಂತಿಗಳಿಗಾಗಿ. ಗಿಡ್ಡ ವಾದ್ಯದಲ್ಲಿ ಮಂದ್ರಸ್ವರ ಪಡೆಯಲು ದಪ್ಪ ತಂತಿ ಅನಿವಾರ್ಯ. ಗಡಸು ಹೆಚ್ಚಾದಂತೆ ಅದರ ಉಪಸ್ವರಗಳು ಇರಬೇಕಾದ ಎಡೆಗಿಂತ ಮೇಲಕ್ಕೆ ಸರಿದು ನಾದ ಮಂಕಾಗುತ್ತದೆ. ಈ ಎರಡು ಸೆಳೆತಗಳನ್ನು ತಯಾರಕರು ಚೆನ್ನಾಗಿ ಬಲ್ಲವರಾಗಿದ್ದರು. 1932ರಲ್ಲಿ ಮಾರುಕಟ್ಟೆಗೆ ಬಂದ, ‘ಫ್ರೈಯಿಂಗ್ ಪ್ಯಾನ್’ ಎಂದು ಹೆಸರಾದ ರಿಕೆನ್‌ಬ್ಯಾಕರ್ ವಿದ್ಯುತ್ ಗಿಟಾರು ಎ-22, ಎ-25 ಎಂಬ ಎರಡು ಅಳತೆಗಳಲ್ಲಿ ದೊರೆಯುತ್ತಿತ್ತು. ಫೆಂಡರ್ ಕಂಪನಿಯ ಸ್ಟ್ರಿಂಗ್‌ಮಾಸ್ಟರ್ 22.5, 24.5, 26 ಅಂಗುಲ ಎಂಬ ಮೂರು ಉದ್ದಗಳಲ್ಲಿ ತಯಾರಾಯಿತು. ತಯಾರಕರೇ ಒಂದಳತೆಗೆ ಅಂಟಿಕೊಳ್ಳದಿರುವಾಗ ‘ಉದ್ದ ಹೆಚ್ಚಿದಷ್ಟೂ ನಾದ ಮೇಲು’ ಎಂಬ ಸಾಮಾನ್ಯೀಕರಣ ಒಪ್ಪತಕ್ಕದ್ದಲ್ಲ. ಸ್ವರಮಾಧುರ್ಯಕ್ಕೆ ಮಾದರಿಯೆಂದು ಗಣಿಸಲಾಗುವ ಜೆರಿ ಬರ್ಡ್ (1920–2005) ಹೆಸರು ಗಳಿಸಿದ್ದು 22.5 ಅಂಗುಲದ ಬೇಕಲೈಟ್ ರಿಕೆನ್‌ಬ್ಯಾಕರ್ ಮೇಲೆ. ಬಾರನ್ನು ಓರೆಯಾಗಿ ಹಿಡಿದು ಏಕಕಾಲದಲ್ಲಿ ಬೇರೆ ಬೇರೆ ಮೆಟ್ಟಿಲುಗಳ ಸ್ವರಗಳನ್ನು ಹೊರಡಿಸುವುದು ಅವರ ವಾದನದ ಜೀವಾಳ. ಮೆಟ್ಟಿಲುಗಳ ಅಂತರ ಕಿರಿದಾದಷ್ಟೂ ಓರೆ ಕಡಿಮೆ ಸಾಕು, ಶುದ್ಧಿಯೂ ಸುಲಭ. ಅವರ ಮಟ್ಟಿಗೆ ಗಿಡ್ಡ ವಾದ್ಯವೆಂಬುದು ಶೈಲಿಯ ಅಗತ್ಯವಾಗಿತ್ತೆಂದೇ ನನ್ನ ಗ್ರಹಿಕೆ.

ಭಾರತದಲ್ಲಿ ಈ ತೂಕ ಬೇರೆಯಾಗುತ್ತದೆ. 1940ರ ದಶಕದಲ್ಲಿ ಟಾವ್ ಮೋ ಕಲ್ಕತ್ತೆಯಲ್ಲಿ ನೆಲೆಸಿದ್ದ ಕಾಲದಲ್ಲಿ ಹವಾಯಿಯನ್ ಗಿಟಾರಿನ ಒಲವು ಅಲ್ಲಿ ಹಬ್ಬಿತು. ಬ್ರಿಜ್ ಭೂಷಣ್ ಕಾಬ್ರಾ (1937–2018) ಅದನ್ನು ಹಿಂದೂಸ್ತಾನಿ ರಾಗವಿಸ್ತಾರಕ್ಕೆ ಒಗ್ಗಿಸಿದರು. ರಾಗಸಂಗೀತದಲ್ಲಿ ಸ್ವರಮೇಳಕ್ಕೆ ಎಡೆಯಿಲ್ಲದ್ದರಿಂದ ಓರೆ ಹಿಡಿತದ ಪ್ರಶ್ನೆಯೇ ಏಳುವುದಿಲ್ಲ. ಬೇಕಾದುದು ಮೀಂಡಿಗೆ ಹರವು. ತಾರಸ್ಥಾಯಿಯ ಆರಂಭದಲ್ಲಿ ಒಂದು ಅರ್ಧಸ್ವರದ ಅಂತರ 22.5 ಅಂಗುಲದ ತಂತಿಯಲ್ಲಿ 16 ಮಿಲಿಮೀಟರ್, 25 ಅಂಗುಲದ್ದರಲ್ಲಿ ಸುಮಾರು 18. ಎರಡು ಮಿಲಿಮೀಟರ್ ಅಲ್ಪವೆಂದು ತೋರಬಹುದು. ಆಂದೋಲನದ ಸೂಕ್ಷ್ಮ ಶ್ರುತಿಯನ್ನು ಹುಡುಕುವ ಕೈಗೆ ಅದು ಅಲ್ಪವಲ್ಲ. ಇತ್ತ ದೇಬಾಶಿಶ್ ಭಟ್ಟಾಚಾರ್ಯ ಚತುರಂಗಿ, ಗಂಧರ್ವಿಗಳ ಜೊತೆಗೆ ನಾಲ್ಕೇ ತಂತಿಯ ಪುಟ್ಟ ಆನಂದಿಯನ್ನೂ ರೂಪಿಸಿರುವುದರಿಂದ ಭಾರತೀಯ ಪದ್ಧತಿಗೂ ಒಂದೇ ಅಳತೆಯನ್ನು ವಿಧಿಸಲಾಗದು.

ಈ ಚರ್ಚೆ ನಮ್ಮ ಕ್ಷೇತ್ರಕಾರ್ಯಕ್ಕೂ ತಟ್ಟಬೇಕು. ಚೌಡಿಕೆಯಲ್ಲಿ ತಂತಿಯ ಬಿಗುವನ್ನು ಏರಿಳಿಸಿ ಸ್ವರವನ್ನು ಏರಿಳಿಸುತ್ತಾರೆ. ಸ್ಟೀಲ್ ಗಿಟಾರಿನಲ್ಲಿ, ನಮ್ಮ ಗೋಟುವಾದ್ಯದಲ್ಲಿ ಬಿಗುವು ಸ್ಥಿರ, ಉದ್ದವೇ ಚರ. ತತ್ವ ಇಷ್ಟು ಭಿನ್ನವಾಗಿದ್ದರೂ ನಮ್ಮ ವಾದ್ಯವಿವರಣೆಗಳು ಎಲ್ಲಕ್ಕೂ ಒಂದೇ ಬಗೆಯಲ್ಲಿ ಬುಡದಿಂದ ತುದಿಯವರೆಗಿನ ಉದ್ದ, ಮರದ ಜಾತಿ, ತಂತಿಗಳ ಸಂಖ್ಯೆ ಬರೆದು ಮುಗಿಸುವುದೇ ಹೆಚ್ಚು. ಅಂಥ ವಿವರಣೆಯಿಂದ ವಾದ್ಯದ ಚಿತ್ರ ಬರೆಯಬಹುದು, ನಾದವನ್ನು ಮರಳಿ ಕಟ್ಟಲಾಗದು. ಸಂಗ್ರಹಾಲಯದ ವಾದ್ಯಗಳ ಮೇಲಿರುವ ತಂತಿಗಳು ಅನೇಕ ವೇಳೆ ನಂತರ ಕಟ್ಟಿದವು; ಅವುಗಳ ದಪ್ಪವನ್ನಷ್ಟೇ ಅಳೆದರೆ ದಾರಿ ತಪ್ಪೀತು. ಕುದುರೆಯ ಮೇಲೆ ಹಾಗೂ ನಟ್‌ನಲ್ಲಿ ಹಳೆಯ ತಂತಿಗಳು ಕೂತಿದ್ದ ಗೀರುಗಳ ಅಗಲವನ್ನೂ ಜೊತೆಗೆ ಅಳೆದು ದಾಖಲಿಸಿದರೆ, ವಾದಕನೇ ಇಲ್ಲವಾದ ವಾದ್ಯದಿಂದಲೂ ಅವನು ಕಟ್ಟುತ್ತಿದ್ದ ತಂತಿಯ ಅಂದಾಜು ಸಿಗುವ ಸಾಧ್ಯತೆಯಿದೆ.