ಮೈಸೂರಿನ ಜಾವಾ: ಅಭಿಮಾನದ ಜೊತೆಗೆ ಲೆಕ್ಕವೂ ಇರಲಿ

ಅಮೆರಿಕದ ದೊಡ್ಡ ಕ್ರೂಸರ್ ಮೋಟಾರ್‌ಸೈಕಲ್‌ಗಳ ಗುಣಾವಗುಣಗಳ ಬಗ್ಗೆ ಚರ್ಚೆಯಾದಾಗ ಮೈಸೂರಿನವರು ಸುಮ್ಮನಿರುವುದಿಲ್ಲ. ತಮ್ಮೂರಿನ ಜಾವಾ, ಯೆಜ್ಡಿಗಳ ಹೆಸರೆತ್ತುತ್ತಾರೆ. ಜುಲೈ ತಿಂಗಳ ಎರಡನೆಯ ಭಾನುವಾರ ಈ ಹಳೆಯ ಗಾಡಿಗಳು ಸಾಲಾಗಿ ಸಾಗುವುದನ್ನು ನೀವು ನೋಡಿರಬಹುದು. ಅಂಥ ಗಾಡಿ ಮತ್ತೆ ಬರಲಿಲ್ಲ ಎಂಬ ಮಾತನ್ನೂ ಕೇಳಿರಬಹುದು. ಈ ಮಾತಿನಲ್ಲಿ ತಥ್ಯವೆಷ್ಟು? ವಿಜ್ಞಾನದ ವಿದ್ಯಾರ್ಥಿಗಳಾಗಿ ಪರಿಶೀಲಿಸೋಣ.

ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿ ಪಡೆದು, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿತು. 1973ರಿಂದ ಗಾಡಿಗಳು ಯೆಜ್ಡಿ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಉತ್ಪಾದನೆ ನಿಂತಿತು.

ಮೊದಲು ಗುಣಗಳನ್ನು ನೋಡೋಣ. ಜಾವಾ 250ರ ಸಿಲಿಂಡರಿನ ವ್ಯಾಸ 65 ಮಿ.ಮೀ., ಪಿಸ್ಟನ್ ಚಲಿಸುವ ದೂರ 75 ಮಿ.ಮೀ. ಗುಣಿಸಿ ನೋಡಿ: ಗಾತ್ರ ಸುಮಾರು 249 ಘನ ಸೆಂ.ಮೀ. ಎರಡು ಸೈಲೆನ್ಸರ್‌ಗಳಿವೆಯೆಂದು ಸಿಲಿಂಡರ್ ಎರಡೆಂದು ಭಾವಿಸಬೇಡಿ, ಇರುವುದು ಒಂದೇ. ಇದು ಟು-ಸ್ಟ್ರೋಕ್ ಎಂಜಿನ್. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುವುದರಿಂದ ವಾಲ್ವ್ ಬೇಕಿಲ್ಲ, ಕ್ಯಾಮ್ ಬೇಕಿಲ್ಲ. ಬಿಡಿಭಾಗ ಕಡಿಮೆ, ರಿಪೇರಿ ಸುಲಭ. ಪೂರ್ತಿ ಮುಚ್ಚಿದ ಚೈನು ಧೂಳಿನಿಂದ ಉಳಿಯುತ್ತದೆ. ಕಿಕ್ ಮತ್ತು ಗೇರಿಗೆ ಒಂದೇ ಸನ್ನೆ! ಕಡಿಮೆ ಭಾಗಗಳಿಂದ ಹೆಚ್ಚು ಕೆಲಸ ತೆಗೆದ ಈ ವಿನ್ಯಾಸ ನಿಜಕ್ಕೂ ಮೆಚ್ಚತಕ್ಕದ್ದು.

ಇನ್ನು ಸದ್ದಿನ ವಿಚಾರ. ಅಮೆರಿಕದ ಹಾರ್ಲೆ-ಡೇವಿಡ್‌ಸನ್‌ನ ಪ್ರಸಿದ್ಧ ಎಂಜಿನ್ನಿನಲ್ಲಿ 45 ಡಿಗ್ರಿ ಕೋನದಲ್ಲಿ ಎರಡು ಸಿಲಿಂಡರ್‌ಗಳಿವೆ, ಅದು ಫೋರ್-ಸ್ಟ್ರೋಕ್. ನಿಮಿಷಕ್ಕೆ 900 ಸುತ್ತು, ಅಂದರೆ ಸೆಕೆಂಡಿಗೆ 15 ಸುತ್ತು ತಿರುಗುವಾಗ ಅದರ ಪ್ರತಿ ಸಿಲಿಂಡರಿನಲ್ಲಿ ಎರಡು ಸುತ್ತಿಗೊಮ್ಮೆ ದಹನ ನಡೆಯುತ್ತದೆ. ಒಟ್ಟು ಸೆಕೆಂಡಿಗೆ 15. ಜಾವಾದಲ್ಲಿ ಸಿಲಿಂಡರ್ ಒಂದೇ ಆದರೂ ಸುತ್ತಿಗೊಮ್ಮೆ ದಹನ, ಅದೂ 15! ಹಾಗಾದರೆ ಸದ್ದು ಬೇರೆ ಏಕೆ? ಹಾರ್ಲೆಯ ಎರಡು ಪಿಸ್ಟನ್‌ಗಳ ದಂಡಗಳೂ ಕ್ರ್ಯಾಂಕಿನ ಒಂದೇ ಪಿನ್ನಿಗೆ ಸೇರಿವೆ. ಆದ್ದರಿಂದ ದಹನಗಳ ನಡುವಿನ ಅಂತರ ಸಮವಲ್ಲ: ಒಮ್ಮೆ 315 ಡಿಗ್ರಿ, ಮತ್ತೊಮ್ಮೆ 405 ಡಿಗ್ರಿ. ಈ ವೇಗದಲ್ಲಿ ಅದು ಸುಮಾರು 58 ಮತ್ತು 75 ಮಿಲಿಸೆಕೆಂಡ್. ಆ ಕುಂಟುಲಯದ ಮೂಲ ಇದೇ.

ಜಾವಾದ ಲಯ ಲೆಕ್ಕದ ಪ್ರಕಾರ ಸಮವಾಗಿರಬೇಕು. ಆದರೆ ನಿಂತಲ್ಲೇ ಓಡುವ ಟು-ಸ್ಟ್ರೋಕ್ ಎಂಜಿನ್ನನ್ನು ಆಲಿಸಿ. ಅದು ಆಗಾಗ್ಗೆ ತಾಳ ತಪ್ಪುತ್ತದೆ. ಸುಟ್ಟ ಅನಿಲ ಪೂರ್ತಿ ಹೊರಹೋಗದೆ ಹೊಸ ಮಿಶ್ರಣದೊಡನೆ ಬೆರೆತಾಗ ಕಿಡಿ ಹಾರಿದರೂ ಬೆಂಕಿ ಹತ್ತುವುದಿಲ್ಲ. ಆ ಸರದಿಯ ಪೆಟ್ರೋಲು ಉರಿಯದೆ ಹೊರಬೀಳುತ್ತದೆ. ಅಭಿಮಾನಿಗಳು ಮೆಚ್ಚುವ ಸದ್ದಿನಲ್ಲೇ ಎಂಜಿನ್ನಿನ ದೋಷವೂ ಕೇಳಿಸುತ್ತದೆ.

ಈ ದೋಷ ಚಿಕ್ಕದಲ್ಲ. ಕಾರ್ಬ್ಯುರೇಟರ್ ಇರುವ ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಮಿಶ್ರಣ ಒಳಬರುವಾಗ ಹೊರಕಿಂಡಿಯೂ ತೆರೆದೇ ಇರುತ್ತದೆ. ಹೀಗಾಗಿ ಗಾಡಿ ಓಡುತ್ತಿರುವಾಗಲೂ ಇಂಧನದ ಗಣನೀಯ ಪಾಲು ನೇರವಾಗಿ ಸೋರಿಹೋಗುತ್ತದೆ. ಪೆಟ್ರೋಲಿಗೆ ಬೆರೆಸಿದ ಎಣ್ಣೆ ನೀಲಿ ಹೊಗೆಯಾಗುತ್ತದೆ. ಕಿಂಡಿಗಳ ಸರಳತೆಗೆ ನಾವು ಇಂಧನದ ಮತ್ತು ಶುದ್ಧ ಗಾಳಿಯ ರೂಪದಲ್ಲಿ ಬೆಲೆ ತೆರುತ್ತಿದ್ದೆವು. 1985ರಲ್ಲಿ 100 ಸಿಸಿಯ ಫೋರ್-ಸ್ಟ್ರೋಕ್ ಹೀರೊ ಹೋಂಡಾ ಬಂದಾಗ ಇಂಧನ ಉಳಿತಾಯದಲ್ಲಿ ಯೆಜ್ಡಿ ಹಿಂದೆ ಬಿತ್ತು. 1991ರಿಂದ ಹೊಗೆಯ ಮಿತಿಗಳೂ ಜಾರಿಗೆ ಬಂದು, 1996ರಲ್ಲಿ ಇನ್ನಷ್ಟು ಬಿಗಿಯಾದವು.

2018ರಲ್ಲಿ ಜಾವಾ ಹೆಸರು ಮರಳಿದ್ದು 293 ಸಿಸಿಯ ಫೋರ್-ಸ್ಟ್ರೋಕ್ ಎಂಜಿನ್ನಿನೊಡನೆ. ಎರಡು ಸೈಲೆನ್ಸರ್ ಉಳಿದವು, ಟು-ಸ್ಟ್ರೋಕ್ ಉಳಿಯಲಿಲ್ಲ. ನನ್ನ ದೃಷ್ಟಿಯಲ್ಲಿ ಇದು ಸರಿಯಾದ ತೀರ್ಪು. ಹಳೆಯ ಜಾವಾ ದುರಸ್ತಿಯ ಸುಲಭತೆಯಲ್ಲಿ ಉತ್ತಮ ಯಂತ್ರ, ದಹನದಲ್ಲಿ ದುರ್ಬಲ ಯಂತ್ರ. ಎರಡನ್ನೂ ಒಟ್ಟಿಗೆ ಹೇಳಿದರೆ ಮಾತ್ರ ವಿಮರ್ಶೆ ಪೂರ್ಣ.

ಶಿಕ್ಷಕರಲ್ಲೊಂದು ಸಲಹೆ. ನಿಮ್ಮೂರಿನ ಮೆಕ್ಯಾನಿಕ್ ಬಳಿ ಕೆಟ್ಟುಹೋದ ಟು-ಸ್ಟ್ರೋಕ್ ಸಿಲಿಂಡರ್ ಇದ್ದರೆ ತರಗತಿಗೆ ತನ್ನಿ. ಪಿಸ್ಟನ್ನನ್ನು ಕೈಯಿಂದ ಮೇಲೆ ಕೆಳಗೆ ಸರಿಸಿ, ಒಳಕಿಂಡಿ ಮತ್ತು ಹೊರಕಿಂಡಿ ಎಷ್ಟು ಹೊತ್ತು ಒಟ್ಟಿಗೆ ತೆರೆದಿರುತ್ತವೆ ಎಂದು ಮಕ್ಕಳೇ ಅಳೆಯಲಿ.