‘ಪಿಂಕ್ಸಿತ್’: ಕ್ಲೆಮೆಂತೆಯವರ ಕಿರುಚಿತ್ರಗಳಲ್ಲಿ ಕನಸು ಮತ್ತು ಕೈ

ದಕ್ಷಿಣ ಕನ್ನಡದವರಾದ ನಮಗೆ ಇಟಲಿಯ ಚಿತ್ರಕಾರನೆಂದೊಡನೆ ನೆನಪಾಗುವವನು ಆಂಟೋನಿಯೊ ಮೊಸ್ಕೆನಿ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಮಂದಿರದ ಗೋಡೆ, ಚಾವಣಿಗಳನ್ನು ಅವನು 1899ರಿಂದ 1901ರವರೆಗೆ ಚಿತ್ರಿಸಿದನು. ಅವನು ತನ್ನ ನಾಡಿನ ಕಸುಬನ್ನು ಇಲ್ಲಿಗೆ ತಂದವನು. ಇಲ್ಲಿಯ ಕಸುಬನ್ನು ಅರಸಿ ಬಂದ ಮತ್ತೊಬ್ಬ ಇಟಲಿಯವರ ಕೃತಿಯನ್ನು ಈಗ ಪರಿಶೀಲಿಸೋಣ.

ನೇಪಲ್ಸಿನಲ್ಲಿ 1952ರಲ್ಲಿ ಜನಿಸಿದ ಫ್ರಾಂಚೆಸ್ಕೊ ಕ್ಲೆಮೆಂತೆ 1973ರಲ್ಲಿ ಭಾರತಕ್ಕೆ ಬಂದರು. ಮುಂದೆ ಮದರಾಸಿನಲ್ಲಿ ಹಲವು ಬಾರಿ ನೆಲೆಸಿದರು. ಕೈಕಾಗದದ ಮೇಲೆ ರಚಿತವಾದ 24 ಕಿರುಚಿತ್ರಗಳ ಮಾಲೆ ‘ಫ್ರಾಂಚೆಸ್ಕೊ ಕ್ಲೆಮೆಂತೆ ಪಿಂಕ್ಸಿತ್’ 1981ರದು. ಅರಮನೆಯ ಕಿರುಚಿತ್ರಗಳಿಗೆ ಸಾಮಾನ್ಯವಾಗಿ ಕಾವ್ಯದ ಅಥವಾ ಚರಿತ್ರೆಯ ಆಸರೆಯಿರುತ್ತಿತ್ತು. ಇಲ್ಲಿ ಅಂತಹ ಆಸರೆಯಿಲ್ಲ. ನಯವಾದ ವರ್ಣಗಳ ನಡುವೆ ಮನುಷ್ಯದೇಹವು ಕನಸಿನಲ್ಲಿ ಕಾಣುವಂತೆ ಕಾರಣವಿಲ್ಲದೆ ಮೂಡುತ್ತದೆ. 1924ರಲ್ಲಿ ಪ್ಯಾರಿಸಿನಲ್ಲಿ ಆಂದ್ರೆ ಬ್ರೆತೋ ಘೋಷಿಸಿದ ಅತಿವಾಸ್ತವವಾದದ ನೆನಪಾಗುವುದು ಸಹಜ. ಪಳಗಿದ ಕುಂಚದ ಶಿಸ್ತು ಇರುವುದರಿಂದಲೇ ಈ ಕನಸು ನಂಬುವಂತಾಗಿದೆ. ಕೃತಿಯ ಸೊಗಸು ಇರುವುದೂ ಇಲ್ಲಿಯೇ.

ಆದರೆ ಆ ಕುಂಚ ಯಾರದು? ಕಿರುಚಿತ್ರಪದ್ಧತಿಯಲ್ಲಿ ತರಬೇತಾಗುತ್ತಿದ್ದ ಭಾರತೀಯ ತರುಣರು ಈ ಮಾಲೆಯಲ್ಲಿ ದುಡಿದಿದ್ದಾರೆ. ಈ ಸಂಗತಿಯನ್ನು ಕ್ಲೆಮೆಂತೆ ಮರೆಮಾಡಿಲ್ಲ. ಆದರೂ ಮಾಲೆಯ ಹೆಸರೇ ಅವರೊಬ್ಬರ ರುಜುವಾಗಿದೆ. ‘ಪಿಂಕ್ಸಿತ್’ ಎಂದರೆ ಲ್ಯಾಟಿನ್ನಿನಲ್ಲಿ ‘ಚಿತ್ರಿಸಿದನು’ ಎಂದರ್ಥ.

ಇತಿಹಾಸದ ವಿದ್ಯಾರ್ಥಿಗಳಿಗೆ ಈ ಪದ ಹೊಸದಲ್ಲ. ಹಳೆಯ ಮುದ್ರಿತ ಚಿತ್ರಗಳ ಅಡಿಯಲ್ಲಿ ಚಿತ್ರಕಾರನ ಹೆಸರಿನೊಂದಿಗೆ ‘ಪಿಂಕ್ಸಿತ್’ ಎಂದೂ, ಫಲಕ ಕೊರೆದವನ ಹೆಸರಿನೊಂದಿಗೆ ‘ಸ್ಕಲ್ಪ್‌ಸಿತ್’ ಎಂದೂ ಬರೆಯುವ ರೂಢಿಯಿತ್ತು. 1792ರಲ್ಲಿ ಟಿಪ್ಪುವಿನ ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿದ ದೃಶ್ಯವನ್ನು ಮ್ಯಾಥರ್ ಬ್ರೌನ್ ಚಿತ್ರಿಸಿದನು, ಡೇನಿಯಲ್ ಓರ್ಮ್ ಕೊರೆದನು. ಇಬ್ಬರ ಹೆಸರೂ ಉಳಿದುಬಂದಿವೆ. ವಸಾಹತುಕಾಲದ ವಿಜಯಚಿತ್ರವೂ ಸಲ್ಲಿಸಿದ ಈ ನ್ಯಾಯ ಕ್ಲೆಮೆಂತೆಯವರ ಶೀರ್ಷಿಕೆಯಲ್ಲಿ ಕಾಣುವುದಿಲ್ಲ. ಎರಡನೆಯ ಪದಕ್ಕೆ ಅಲ್ಲಿ ಸ್ಥಳವಿಲ್ಲ.

ನಮ್ಮ ಕುಶಲಕಲೆಗಳಲ್ಲಿ ಹೆಸರಿಲ್ಲದಿರುವುದೇ ಸಂಪ್ರದಾಯವಲ್ಲವೇ ಎಂಬ ಆಕ್ಷೇಪ ಬರಬಹುದು. ನರಿಮೊಗರಿನಂತಹ ಊರುಗಳಲ್ಲಿ ಕೋಲದ ರಾತ್ರಿ ಭೂತದ ಮೊಗವನ್ನು ಕಂಡು ಕೈಮುಗಿಯುವವರು ಅದನ್ನು ಮಾಡಿದವನ ಹೆಸರನ್ನು ಸಾಮಾನ್ಯವಾಗಿ ಕೇಳುವುದಿಲ್ಲ. ಇದು ನಿಜ. ಆದರೆ ಅಲ್ಲಿ ಬೇರೆ ಯಾರೂ ತಮ್ಮ ಹೆಸರನ್ನು ಅದಕ್ಕೆ ಸೇರಿಸುವುದಿಲ್ಲ. ಮೊಗ ದೈವಕ್ಕೆ ಸೇರಿದ್ದು. ಎಲ್ಲರೂ ಹೆಸರು ಬಿಡುವುದು ಒಂದು ಧರ್ಮ, ಒಬ್ಬರ ಹೆಸರು ಮಾತ್ರ ಉಳಿಯುವುದು ಬೇರೊಂದು ವ್ಯವಸ್ಥೆ.

ಕನಸು ಕ್ಲೆಮೆಂತೆಯವರದೇ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಅದನ್ನು ಕಣ್ಣಿಗೆ ಕಾಣಿಸಿದ ಕೈಗಳನ್ನೂ ಕೃತಿಯ ಚರಿತ್ರೆಯಲ್ಲಿ ಬರೆಯುವುದು ವಿಮರ್ಶೆಯ ಕರ್ತವ್ಯವೆಂದು ನಾವು ಭಾವಿಸುತ್ತೇವೆ.