ಸ್ತುತಿಯೂ ಮುಖಸ್ತುತಿಯೂ: ಪಂಪನ ಎರಡು ಕಾವ್ಯಗಳು

ಸಮಂತಭದ್ರಾಚಾರ್ಯರು ಸ್ವಯಂಭೂಸ್ತೋತ್ರದ ಅರಜಿನಸ್ತವನದಲ್ಲಿ ಸ್ತುತಿಯ ಲಕ್ಷಣವನ್ನು ನಿರೂಪಿಸಿದ್ದಾರೆ. ಇರುವ ಅಲ್ಪಗುಣವನ್ನು ಮೀರಿ ಅದನ್ನು ಬಹುವಾಗಿ ಹೇಳುವುದೇ ಸ್ತುತಿ. ಅನಂತಗುಣನಾದ ಜಿನೇಂದ್ರನ ವಿಷಯದಲ್ಲಿ ಅದು ಹೇಗೆ ಸಾಧ್ಯವೆಂಬುದು ಅವರ ಪ್ರಶ್ನೆ. ಭಕ್ತಿಯ ಸಂದರ್ಭದಲ್ಲಿ ಹೊರಟ ಈ ಮಾತು ರಾಜಾಶ್ರಯದ ಕಾವ್ಯಗಳನ್ನು ಅಳೆಯುವುದಕ್ಕೂ ಯೋಗ್ಯವಾದ ಮಾನದಂಡವಾಗಿದೆ. ಜಿನನನ್ನೂ ಅರಸನನ್ನೂ ಎರಡು ಬೇರೆ ಕಾವ್ಯಗಳಲ್ಲಿ ಸ್ತುತಿಸಿದ ಪಂಪನಲ್ಲಿ ಇದನ್ನು ಪರೀಕ್ಷಿಸಬಹುದು.

ಆದಿಪುರಾಣವು ಕ್ರಿ.ಶ. 941ರಲ್ಲಿ ರಚಿತವಾಯಿತು, ವಿಕ್ರಮಾರ್ಜುನವಿಜಯವೂ ಸುಮಾರು ಅದೇ ಕಾಲದ್ದು. ಎರಡನೆಯದರಲ್ಲಿ ಕವಿಯು ವೇಮುಲವಾಡದ ಚಾಲುಕ್ಯ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ವರ್ಣಿಸಿದ್ದಾನೆ. ಇದಕ್ಕೆ ಪ್ರತಿಯಾಗಿ ಧರ್ಮವುರವೆಂಬ ಅಗ್ರಹಾರ ದೊರೆಯಿತೆಂಬುದನ್ನು ಕವಿಯೇ ಹೇಳಿದ್ದಾನೆ. ಅವನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನವೂ ಅದನ್ನು ಸಮರ್ಥಿಸುತ್ತದೆ. ಆದರೆ ಫಲ ದೊರೆತ ಮಾತ್ರಕ್ಕೆ ಸ್ತುತಿಯು ಹುಸಿಯಾಗದು. ರಾಷ್ಟ್ರಕೂಟರ ಸಾಮಂತನಾಗಿದ್ದ ಅರಿಕೇಸರಿಯು ಶರಣಾಗತನಾದ ವಿಜಯಾದಿತ್ಯನನ್ನು ಚಕ್ರವರ್ತಿ ಗೋವಿಂದನಿಗೆ ಒಪ್ಪಿಸದೆ ಕಾಪಾಡಿದನು. ಸ್ತುತಿಗೆ ಆಧಾರವಾದ ಗುಣವು ಅವನಲ್ಲಿತ್ತು. ಅರ್ಜುನನಿಗೆ ಗುಣಾರ್ಣವ, ಉದಾತ್ತನಾರಾಯಣ ಎಂಬ ಬಿರುದುಗಳೊಡನೆ ಸಾಮಂತಚೂಡಾಮಣಿ ಎಂಬುದೂ ಸಂದಿರುವುದರಿಂದ, ಆಶ್ರಯದಾತನ ನಿಜವಾದ ಪದವಿಯನ್ನು ಕವಿಯು ಮರೆಮಾಚಲಿಲ್ಲವೆಂಬುದೂ ಸ್ಪಷ್ಟ.

ದೋಷವಿರುವುದು ವಿಶೇಷಣಗಳಲ್ಲಲ್ಲ, ಕಥೆಯಲ್ಲಿ. ಅರಸನ ಗೌರವಕ್ಕೆ ಕುಂದಾಗದಿರಲೆಂದು ದ್ರೌಪದಿಯು ಅರ್ಜುನನೊಬ್ಬನ ಪತ್ನಿಯಾಗಿದ್ದಾಳೆ. ಆದರೂ ಅವಳ ಮುಡಿಯ ಪ್ರತಿಜ್ಞೆಯನ್ನು ನೆರವೇರಿಸುವವನು ಭೀಮನೇ. ಪತಿಯ ಕರ್ತವ್ಯವನ್ನು ಭಾವನಾದವನು ಮಾಡುವಂತಾಗಿ, ನಾಯಕನ ಪೌರುಷವೇ ಕುಗ್ಗಿದೆ. ಕೊನೆಯಲ್ಲಿ ಧರ್ಮರಾಯನ ಬದಲು ಅರ್ಜುನನಿಗೆ ಪಟ್ಟಾಭಿಷೇಕ; ಅವನೊಡನೆ ಮಹಾದೇವಿಯ ಪಟ್ಟ ಸುಭದ್ರೆಗೆ. ಸಭೆಯಲ್ಲಿ ಅವಮಾನವನ್ನೂ ವನವಾಸದ ಕ್ಲೇಶವನ್ನೂ ಉಂಡವಳು ಫಲಕಾಲದಲ್ಲಿ ಮರೆಯಾಗುತ್ತಾಳೆ. ಅರಸನನ್ನು ಮೆಚ್ಚಿಸಿದ ಹೊರೆಯು ಹೀಗೆ ದ್ರೌಪದಿಯ ಮೇಲೆ ಬಿದ್ದಿದೆ. ಸ್ತುತಿಯು ಮುಖಸ್ತುತಿಯತ್ತ ಜಾರಿರುವುದು ಇಲ್ಲಿ.

ಕವಿಗೆ ಇದರ ಅರಿವಿರಲಿಲ್ಲವೆನ್ನಲಾಗದು. ಆದಿಪುರಾಣದಲ್ಲಿ ದಿಗ್ವಿಜಯವನ್ನು ಮುಗಿಸಿದ ಭರತಚಕ್ರಿಯು ತನ್ನ ಕೀರ್ತಿಯನ್ನು ಕೆತ್ತಿಸಲು ವೃಷಭಾಚಲಕ್ಕೆ ಬರುತ್ತಾನೆ. ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳಿಂದ ತುಂಬಿದ ಆ ಶಿಲೆಯಲ್ಲಿ ಎಡೆಯೇ ಇಲ್ಲ. ಅವನ ಗರ್ವ ಇಳಿಯುತ್ತದೆ. ಆದರೂ ಒಬ್ಬರ ಪ್ರಶಸ್ತಿಯನ್ನು ಅಳಿಸಿ ತನ್ನದನ್ನು ಬರೆಸುತ್ತಾನೆ. ಈ ಪ್ರಸಂಗವು ಜಿನಸೇನಾಚಾರ್ಯರ ಪೂರ್ವಪುರಾಣದಿಂದ ಬಂದದ್ದು. ಆದರೆ ಅರಸನ ಪ್ರಶಸ್ತಿಯನ್ನು ರಚಿಸುವ ಕೈಯಿಂದಲೇ ಬರೆಯಲ್ಪಟ್ಟಾಗ ಅದಕ್ಕೆ ಬೇರೊಂದು ಅರ್ಥ ಒದಗುತ್ತದೆ. ಬರೆದ ಪ್ರಶಸ್ತಿ ಅಳಿಯತಕ್ಕದ್ದೆಂಬುದನ್ನು ಬಲ್ಲವನೇ ಅದನ್ನು ಬರೆದಿದ್ದಾನೆ.

ಪಂಪನ ಕೃತಿಗಳನ್ನು ಲೌಕಿಕ, ಆಗಮಿಕ ಎಂದು ವಿಂಗಡಿಸಿ ಪ್ರತ್ಯೇಕವಾಗಿ ಓದುವುದು ರೂಢಿ. ಕವಿಯೇ ತೋರಿದ ಈ ವಿಭಾಗವು ಸಾಧುವಾದುದೇ. ಆದರೆ ಒಂದರಲ್ಲಿ ಸ್ತುತಿಯು ಸ್ತುತ್ಯನನ್ನು ಮೀರುತ್ತದೆ. ಇನ್ನೊಂದರಲ್ಲಿ ಸ್ತುತ್ಯನನ್ನು ಮುಟ್ಟಲಾರದೆ ನಿಲ್ಲುತ್ತದೆ. ಆಚಾರ್ಯರು ಹೇಳಿದ ಈ ಭೇದವು ತಿಳಿಯಬೇಕಾದರೆ ಎರಡನ್ನೂ ಎದುರುಬದುರಾಗಿಟ್ಟು ಓದುವುದು ಅವಶ್ಯಕ. ಆಗ ಅರಿಕೇಸರಿಯ ಗುಣಕ್ಕೆ ಸಲ್ಲಬೇಕಾದುದು ಎಷ್ಟು, ದ್ರೌಪದಿಗೆ ಸಲ್ಲದೆ ಹೋದುದು ಎಷ್ಟು ಎಂಬುದು ವಿವೇಚಕರಿಗೆ ತಾನಾಗಿಯೇ ತೋರುವುದು.